ಕೀ ತಿರುಗಿಸಿದರೆ ಮರಳಿ ಬರುವ ಪಿಕಪ್: ಸಣ್ಣ ಟರ್ಬೊ ಕಾರಿನಲ್ಲಿ ಬಂದುಹೋಗುವ ದೋಷ ಹುಡುಕುವುದು ಹೇಗೆ?

ದಾರಿ ಮಧ್ಯೆ ಹೋದ ಬಲ, ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೊಡನೆ ವಾಪಸ್ ಬಂದರೆ ಕಾರಿನ ಟರ್ಬೊ ಬಹುತೇಕ ಖಂಡಿತವಾಗಿ ಸತ್ತಿಲ್ಲ. ಮುರಿದ ಶಾಫ್ಟ್ ಕೀ ತಿರುಗಿಸಿದರೆ ಕೂಡಿಕೊಳ್ಳುವುದಿಲ್ಲ, ಸವೆದ ಬೇರಿಂಗ್ ಐದು ನಿಮಿಷದ ವಿಶ್ರಾಂತಿಯಿಂದ ಹೊಸದಾಗುವುದಿಲ್ಲ. ಬಂದುಹೋಗುವ ದೋಷ ಸಾಮಾನ್ಯವಾಗಿ ಇರುವುದು ಟರ್ಬೊವನ್ನು ನಿಯಂತ್ರಿಸುವ ಪೈಪು, ವಾಲ್ವ್, ಸೆನ್ಸರ್, ವೈರುಗಳಲ್ಲಿ. ಆದರೂ ‘ಗಾಡಿ ಎಳೀತಿಲ್ಲ’ ಎಂದು ಗ್ಯಾರೇಜಿಗೆ ಹೋದವರಿಗೆ ಹಲವು ಸಲ ಮೊದಲು ಸಿಗುವ ಸಲಹೆ ‘ಟರ್ಬೊ ಬದಲಿಸಿ’ ಎಂಬುದೇ. ಹತ್ತಾರು ಸಾವಿರ ರೂಪಾಯಿ ಕೊಟ್ಟು ಬದಲಿಸಿದ ಮೇಲೆ ಅದೇ ದೋಷ ಮುಂದಿನ ಘಾಟಿಯಲ್ಲಿ ಮತ್ತೆ ಬರುತ್ತದೆ.

ಈ ಪ್ರಶ್ನೆ ಈಗ ತುಂಬಾ ಮನೆಗಳಿಗೆ ಬಂದಿದೆ. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಎರ್ಟಿಗಾ ಹೀಗೆ ಹಲವು ಕಾರುಗಳಲ್ಲಿದ್ದ ಫಿಯೆಟ್ ಮೂಲದ 1.3 ಲೀಟರ್, ಅಂದರೆ 1248 ಸಿಸಿ ಡೀಸೆಲ್ ಎಂಜಿನ್ ಇಂದಿಗೂ ನಮ್ಮ ರಸ್ತೆಗಳಲ್ಲಿ ಧಾರಾಳವಾಗಿ ಓಡುತ್ತಿದೆ. ಮಾರುತಿ 2020ರ ಏಪ್ರಿಲ್‌ನಲ್ಲಿ, ಬಿಎಸ್6 ನಿಯಮ ಬಂದಾಗ ಡೀಸೆಲ್ ಕಾರು ನಿಲ್ಲಿಸಿತು. ಹಾಗಾಗಿ ಈಗ ಓಡುತ್ತಿರುವ ಅಂಥ ಕಾರುಗಳೆಲ್ಲ ವಯಸ್ಸಾದವು, ಅನೇಕವು ಕೈ ಬದಲಾಗಿ ಬಂದವು. ಅವುಗಳ ರಬ್ಬರ್ ಪೈಪುಗಳಿಗೂ ಅಷ್ಟೇ ವಯಸ್ಸಾಗಿದೆ. ಈ ಲೇಖನದ ಹೆಚ್ಚಿನ ವಿವರ ಆ ಡೀಸೆಲ್ ಎಂಜಿನ್ ಮನಸ್ಸಿನಲ್ಲಿಟ್ಟುಕೊಂಡದ್ದು. 1 ಲೀಟರ್, 1.2 ಲೀಟರ್ ಟರ್ಬೊ ಪೆಟ್ರೋಲ್ ಕಾರುಗಳಿಗೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಹೇಳಿದೆ.

## ಟರ್ಬೊ ಎಂಬ ತಿದಿ

ಕಮ್ಮಾರನ ಕುಲುಮೆಯಲ್ಲಿ ಇದ್ದಿಲು ಅಷ್ಟೇ ಇದ್ದರೂ ತಿದಿ ಒತ್ತಿದಾಗ ಬೆಂಕಿ ಜೋರಾಗುತ್ತದೆ. ಟರ್ಬೊ ಎಂಜಿನ್ನಿನ ತಿದಿ. ಅದನ್ನು ಒತ್ತುವುದು ಎಂಜಿನ್ನೇ ಹೊರಬಿಡುವ ಬಿಸಿ ಹೊಗೆ. ಒಂದು ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಒಂದನ್ನು ಹೊಗೆ ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಎಳೆದು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಸಣ್ಣ ಕಾರಿನ ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹೀಗೆ ತುಂಬಿದ ಹೆಚ್ಚುವರಿ ಒತ್ತಡಕ್ಕೆ ‘ಬೂಸ್ಟ್’ ಎನ್ನುತ್ತಾರೆ. ಸಣ್ಣ ಡೀಸೆಲ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇದು ಹೊರಗಿನ ಗಾಳಿಗಿಂತ ಸುಮಾರು 1ರಿಂದ 1.5 ಬಾರ್ ಹೆಚ್ಚು.

ತಿದಿಯನ್ನು ಅಳತೆ ಮೀರಿ ಒತ್ತುವಂತಿಲ್ಲ. ಆ ಅಳತೆ ಕಾಯಲು ಎರಡು ಬಗೆಯ ವ್ಯವಸ್ಥೆಗಳಿವೆ. ಮೊದಲನೆಯದು ‘ವೇಸ್ಟ್‌ಗೇಟ್’. ಪ್ರೆಶರ್ ಕುಕ್ಕರಿನ ವಿಸಿಲ್ ಇದ್ದಂತೆ, ಒತ್ತಡ ಮಿತಿ ಮುಟ್ಟಿದಾಗ ಒಂದು ಸಣ್ಣ ಬಾಗಿಲು ತೆರೆದು ಹೊಗೆ ಚಕ್ರವನ್ನು ಬಳಸದೆ ಪಕ್ಕದಿಂದ ಹೊರಟುಹೋಗುತ್ತದೆ. 1.3 ಡೀಸೆಲ್‌ನ 75 ಅಶ್ವಶಕ್ತಿಯ ಮಾದರಿಯಲ್ಲೂ ಟರ್ಬೊ ಪೆಟ್ರೋಲ್‌ಗಳಲ್ಲೂ ಇರುವುದು ಸಾಮಾನ್ಯವಾಗಿ ಇದೇ. ಎರಡನೆಯದು ‘ವಿಜಿಟಿ’, ಅದೇ ಎಂಜಿನ್ನಿನ 90 ಅಶ್ವಶಕ್ತಿಯ ಮಾದರಿಯಲ್ಲಿದೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದಲ್ಲ, ಹಾಗೆ ಚಕ್ರದ ಸುತ್ತ ಇರುವ ಸಣ್ಣ ರೆಕ್ಕೆಗಳು ಹೊಗೆಯ ದಾರಿಯನ್ನು ಕಿರಿದು ಮಾಡಿ ವೇಗ ಹೆಚ್ಚಿಸುತ್ತವೆ, ಅಗಲ ಮಾಡಿ ತಗ್ಗಿಸುತ್ತವೆ.

## ಬಲ ಕಡಿಮೆ ಮಾಡುವುದು ಕಂಪ್ಯೂಟರ್

ಎಂಜಿನ್‌ಗೆ ಇಸಿಯು ಎಂಬ ಕಂಪ್ಯೂಟರ್ ಇದೆ. ಆ ಹೊತ್ತಿಗೆ ಎಷ್ಟು ಬೂಸ್ಟ್ ಬೇಕು ಎಂದು ಅದು ಲೆಕ್ಕ ಹಾಕುತ್ತದೆ, ಎಷ್ಟು ಬಂದಿದೆ ಎಂಬುದನ್ನು ‘ಮ್ಯಾಪ್ ಸೆನ್ಸರ್’ ಎಂಬ ಒತ್ತಡದ ಸೆನ್ಸರಿನಿಂದ ತಿಳಿಯುತ್ತದೆ. ಬೇಕಾದ್ದಕ್ಕೂ ಬಂದದ್ದಕ್ಕೂ ಕೆಲವು ಸೆಕೆಂಡು ದೊಡ್ಡ ಅಂತರ ಉಳಿದರೆ ಎಂಜಿನ್ ಉಳಿಸಲು ಇಂಧನವನ್ನೂ ಬೂಸ್ಟನ್ನೂ ತಗ್ಗಿಸಿಬಿಡುತ್ತದೆ. ಇದೇ ‘ಲಿಂಪ್ ಮೋಡ್’, ಕುಂಟುತ್ತಾ ಮನೆ ಸೇರುವ ಸ್ಥಿತಿ. ಅನೇಕ ಕಾರುಗಳಲ್ಲಿ ಕೀ ಆಫ್ ಮಾಡಿದಾಗ ಈ ನಿರ್ಬಂಧ ರದ್ದಾಗುತ್ತದೆ, ದೋಷದ ದಾಖಲೆ ಮಾತ್ರ ಒಳಗೆ ಉಳಿಯುತ್ತದೆ. ಕೀ ತಿರುಗಿಸಿದರೆ ಕಾರು ‘ಸರಿಹೋಗುವ’ ಗುಟ್ಟು ಇದು.

ದೋಷ ಯಾವಾಗಲೂ ಯಾಕೆ ಇರುವುದಿಲ್ಲ? ಮೂರು ಸಂಗತಿಗಳು ಒಟ್ಟಿಗೆ ಸೇರಬೇಕು. ಒಂದು ಒತ್ತಡ: ಪೇಟೆಯಲ್ಲಿ ನಿಧಾನ ಓಡುವಾಗ ಬೂಸ್ಟ್ ಹೆಚ್ಚು ಬೇಕಾಗುವುದೇ ಇಲ್ಲ, ಪೈಪಿನ ಸೀಳು ಮುಚ್ಚಿಕೊಂಡೇ ಇರುತ್ತದೆ. ಎರಡು ಶಾಖ: ಅರ್ಧ ಗಂಟೆ ಓಡಿದ ಮೇಲೆ ರಬ್ಬರ್ ಮೆತ್ತಗಾಗುತ್ತದೆ, ಬೂಸ್ಟ್ ನಿಯಂತ್ರಿಸುವ ವಿದ್ಯುತ್ ವಾಲ್ವಿನ ಕಾಯಿಲ್ ಬಿಸಿಯಾಗಿ ಅದರ ಪ್ರತಿರೋಧ ಏರುತ್ತದೆ. ಮೂರು ಅಲುಗಾಟ: ಕನೆಕ್ಟರಿನ ಸಡಿಲ ಪಿನ್ ಒಂದು ಹಂಪಿನಲ್ಲಿ ಬಿಟ್ಟು ಇನ್ನೊಂದರಲ್ಲಿ ಕೂಡಿಕೊಳ್ಳುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತುವಾಗ ಮೂರೂ ಒಟ್ಟಿಗೆ ಸಿಗುತ್ತವೆ. ಗ್ಯಾರೇಜಿನ ಅಂಗಳದಲ್ಲಿ ನಿಂತ ಕಾರಿನಲ್ಲಿ ಒಂದೂ ಸಿಗುವುದಿಲ್ಲ. ‘ಇಲ್ಲಿ ಸರಿ ಇದೆ ಸಾರ್’ ಎಂಬ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ.

## ಮೊದಲು, ಟರ್ಬೊದ್ದಲ್ಲದ ತೊಂದರೆಗಳು

ಸಹಜ ವಿಳಂಬವನ್ನು ದೋಷ ಎಂದುಕೊಳ್ಳಬೇಡಿ. 75 ಅಶ್ವಶಕ್ತಿಯ 1.3 ಡೀಸೆಲ್ ತನ್ನ ಪೂರ್ತಿ ಎಳೆತ, 190 ನ್ಯೂಟನ್ ಮೀಟರ್, ಕೊಡುವುದು 2000 ಆರ್‌ಪಿಎಂನಲ್ಲಿ. 90ರದ್ದು 200 ನ್ಯೂಟನ್ ಮೀಟರನ್ನು 1750ರಲ್ಲಿ ಕೊಡುತ್ತದೆ. ಹೇರ್‌ಪಿನ್ ತಿರುವಿನಲ್ಲಿ 1300 ಆರ್‌ಪಿಎಂಗೆ ಇಳಿದ ಎಂಜಿನ್ ಎಳೆಯದಿದ್ದರೆ ಗೇರ್ ಇಳಿಸಬೇಕು, ಕಾರು ಬಿಚ್ಚಬೇಕಿಲ್ಲ.

ಆರ್‌ಪಿಎಂ ಮುಳ್ಳು ಏರುತ್ತದೆ ಆದರೆ ಕಾರಿನ ವೇಗ ಏರುವುದಿಲ್ಲ ಎಂದಾದರೆ ಅದು ಕ್ಲಚ್ ಜಾರುವಿಕೆ. ಟರ್ಬೊ ದೋಷದಲ್ಲಿ ಮುಳ್ಳೂ ವೇಗವೂ ಒಟ್ಟಿಗೇ ಮಂಕಾಗುತ್ತವೆ.

ಡೀಸೆಲ್ ಫಿಲ್ಟರ್ ಕಟ್ಟಿದ್ದರೂ ಲಕ್ಷಣ ಟರ್ಬೊ ದೋಷದಂತೆಯೇ ಇರುತ್ತದೆ: ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಉಸಿರು ಕಟ್ಟುತ್ತದೆ. ಕಡಿಮೆ ಇಂಧನ ಬೇಕಾದಾಗ ಕಟ್ಟಿದ ಫಿಲ್ಟರಿನಿಂದಲೂ ಸಾಕಷ್ಟು ಬರುತ್ತದೆ, ಹೆಚ್ಚು ಬೇಕಾದಾಗ ಸಾಲುವುದಿಲ್ಲ. ಯಾವಾಗ ಬದಲಿಸಿದ್ದು ಎಂದು ಗೊತ್ತಿಲ್ಲದ ಕಾರಿನಲ್ಲಿ ಡೀಸೆಲ್ ಫಿಲ್ಟರನ್ನೂ ಏರ್ ಫಿಲ್ಟರನ್ನೂ ಮೊದಲೇ ಬದಲಿಸಿಬಿಡುವುದು ಒಳ್ಳೆಯದು. ಟರ್ಬೊ ಪೆಟ್ರೋಲ್‌ನಲ್ಲಿ ಇದೇ ಜಾಗದಲ್ಲಿ ನಿಲ್ಲುವುದು ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್. ಬೂಸ್ಟ್ ಏರಿದಂತೆ ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. ಸವೆದು ಗ್ಯಾಪ್ ಹೆಚ್ಚಾದ ಪ್ಲಗ್ ಪೂರ್ತಿ ಆಕ್ಸಿಲರೇಟರಿನಲ್ಲಿ ಮಾತ್ರ ಮಿಸ್ ಹೊಡೆಯುತ್ತದೆ. ಜರ್ಕ್ ಹೊಡೆದು ಬಲ ಹೋಗುವುದು ಅದರ ಗುರುತು.

## ಸ್ಕ್ಯಾನರ್: ಅಳಿಸುವ ಮೊದಲು ಓದಿ

ಇಸಿಯು ದಾಖಲಿಸಿದ ದೋಷದ ಕೋಡ್‌ಗಳನ್ನು ಓದಲು ಸ್ಟೀರಿಂಗ್ ಕೆಳಗೆ ಇರುವ ಒಬಿಡಿ ಪೋರ್ಟಿಗೆ ಚುಚ್ಚುವ ಬ್ಲೂಟೂತ್ ರೀಡರ್ ಈಗ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ, ಫೋನಿನ ಆ್ಯಪ್‌ನಲ್ಲಿ ಓದಬಹುದು. ಚೆಕ್ ಎಂಜಿನ್ ದೀಪ ಉರಿಯದಿದ್ದರೂ ‘ಪೆಂಡಿಂಗ್’ ಕೋಡ್ ಒಳಗಿರಬಹುದು. ಮೊದಲು ಕೋಡ್‌ಗಳನ್ನೂ ಅದರ ಜತೆಗಿನ ‘ಫ್ರೀಜ್ ಫ್ರೇಮ್’ ಅನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ದೋಷ ಬಂದ ಕ್ಷಣದ ಆರ್‌ಪಿಎಂ, ವೇಗ, ಶಾಖಗಳ ಚಿತ್ರ ಅದು. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ.

ಪಿ0299 ಎಂದರೆ ಬೂಸ್ಟ್ ಕಡಿಮೆಯಾಯಿತು. ಪಿ0234 ಎಂದರೆ ಹೆಚ್ಚಾಯಿತು. ಈ ಎರಡರಲ್ಲಿ ಯಾವುದು ಎಂಬುದೇ ಹುಡುಕಾಟದ ದಿಕ್ಕು ನಿರ್ಧರಿಸುತ್ತದೆ, ಏಕೆಂದರೆ ಚಾಲಕನಿಗೆ ಎರಡೂ ಒಂದೇ ರೀತಿ ‘ಪಿಕಪ್ ಹೋಯಿತು’ ಎಂದೇ ಅನಿಸುತ್ತದೆ. ಪಿ0236 ಬೂಸ್ಟ್ ಸೆನ್ಸರಿನ ಮೇಲೆ, ಪಿ0045 ಅಥವಾ ಪಿ0243 ನಿಯಂತ್ರಣ ವಾಲ್ವಿನ ವಿದ್ಯುತ್ ದಾರಿಯ ಮೇಲೆ ಅನುಮಾನ ಹೇಳುತ್ತವೆ. ಪಿ0101 ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್, ಪಿ0087 ಇಂಧನ ಒತ್ತಡದ ಕೊರತೆ. ಕೊನೆಯದು ಸಿಕ್ಕರೆ ಟರ್ಬೊ ಬಿಟ್ಟು ಫಿಲ್ಟರ್, ಪಂಪ್ ಕಡೆ ನಡೆಯಿರಿ. ಯಾವ ಕೋಡೂ ‘ಈ ಭಾಗ ಬದಲಿಸು’ ಎಂದು ಹೇಳುವುದಿಲ್ಲ. ಪಿ0299 ಬಂದಿದೆ ಎಂದರೆ ಗಾಳಿ ಸಾಲಲಿಲ್ಲ, ಅಷ್ಟೇ.

## ಓಡಿಸುತ್ತಾ ಅಳೆಯುವುದು

ಹುಡುಕಾಟದ ಜೀವಾಳ ಇದು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರಿನ ಅಂಕಿ ನೋಡಿ. ಆಗ ಅದು ತೋರಿಸಬೇಕಾದದ್ದು ಊರಿನ ಗಾಳಿಯ ಒತ್ತಡ: ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಆಸುಪಾಸು, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88. ಬೆಂಗಳೂರಿನಲ್ಲಿ ನಿಂತ ಕಾರು 75 ಎಂದೋ 110 ಎಂದೋ ತೋರಿಸಿದರೆ ಸೆನ್ಸರೇ ಸುಳ್ಳು ಹೇಳುತ್ತಿದೆ ಅಥವಾ ಅದರ ವೈರಿನಲ್ಲಿ ತೊಂದರೆಯಿದೆ. ಹಾಗಿದ್ದರೆ ಅದನ್ನು ಸರಿಮಾಡದೆ ಮುಂದೆ ಹೋಗಿ ಪ್ರಯೋಜನವಿಲ್ಲ.

ಆಮೇಲೆ ಎಂಜಿನ್ ಪೂರ್ತಿ ಬಿಸಿಯಾಗುವಂತೆ ಅರ್ಧ ಗಂಟೆ ಓಡಿಸಿ. ಖಾಲಿ ಇರುವ, ಉದ್ದನೆಯ ಸಣ್ಣ ಏರು ಆರಿಸಿಕೊಳ್ಳಿ. ಘಾಟಿ ತಿರುವುಗಳು ಈ ಪರೀಕ್ಷೆಗೆ ತಕ್ಕ ಜಾಗವಲ್ಲ. ಫೋನ್ ನೋಡಲು ಪಕ್ಕದಲ್ಲಿ ಇನ್ನೊಬ್ಬರಿರಲಿ. ಆ್ಯಪ್‌ನಲ್ಲಿ ಆರ್‌ಪಿಎಂ, ಮ್ಯಾಪ್ ಒತ್ತಡ, ಆಕ್ಸಿಲರೇಟರ್ ಸ್ಥಾನ, ಗಾಳಿಯ ಪ್ರಮಾಣ, ರೈಲ್ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪು) ಒತ್ತಡ ಇಷ್ಟನ್ನೇ ದಾಖಲಿಸಿ. ಅಂಕಿಗಳು ಹೆಚ್ಚಾದಷ್ಟೂ ಅಗ್ಗದ ರೀಡರ್ ನಿಧಾನವಾಗುತ್ತದೆ. ಮೂರನೇ ಗೇರಿನಲ್ಲಿ 1500 ಆರ್‌ಪಿಎಂನಿಂದ ಪೂರ್ತಿ ಒತ್ತಿ 3500ರವರೆಗೆ ಎಳೆಯಿರಿ.

ಆರೋಗ್ಯವಂತ ಡೀಸೆಲ್‌ನಲ್ಲಿ ಮ್ಯಾಪ್ ಅಂಕಿ 1500ರಲ್ಲಿ ಏರತೊಡಗಿ 2000 ದಾಟುವಾಗ 190–200 ಮುಟ್ಟಿ, ಮಾದರಿಗೆ ತಕ್ಕಂತೆ 200–240ರ ನಡುವೆ ಎಲ್ಲೋ ನಿಲ್ಲುತ್ತದೆ. ಈ ಅಂಕಿಯಲ್ಲಿ ಊರಿನ ಗಾಳಿಯೂ ಸೇರಿದೆ ಎಂಬುದು ನೆನಪಿರಲಿ. ಬೆಂಗಳೂರಿನಲ್ಲಿ 211 ಎಂದರೆ ಬೂಸ್ಟ್ 120, ಅಂದರೆ 1.2 ಬಾರ್.

ದೋಷವಿದ್ದಾಗ ಗೆರೆಯ ಆಕಾರ ಬೇರೆಯಾಗುತ್ತದೆ. ಮೊದಲಿನಿಂದಲೇ ನಿಧಾನ ಏರಿ 140–150ಕ್ಕೇ ಸುಸ್ತಾದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ವಿಜಿಟಿ ರೆಕ್ಕೆಗಳು ಅಗಲವಾಗಿಯೇ ಉಳಿದಿವೆ. ಚೆನ್ನಾಗಿ 200ಕ್ಕೆ ಏರಿ ಒಮ್ಮೆಗೇ ಧೊಪ್ಪನೆ ಬಿದ್ದರೆ ಆ ಕ್ಷಣದಲ್ಲಿ ಪೈಪು ಬಾಯಿ ಬಿಟ್ಟಿತು, ಅಥವಾ ವಾಲ್ವಿನ ಸಂಪರ್ಕ ತಪ್ಪಿತು. ಮಿತಿ ದಾಟಿ ಮೊನಚಾಗಿ ಮೇಲೆದ್ದು ಆಮೇಲೆ ಕುಸಿದರೆ ಅದು ಓವರ್‌ಬೂಸ್ಟ್. ರೆಕ್ಕೆಗಳೋ ವೇಸ್ಟ್‌ಗೇಟೋ ಸಿಕ್ಕಿಕೊಂಡಿವೆ, ಇಲ್ಲವೇ ಅವನ್ನು ನಿಯಂತ್ರಿಸುವ ಸಣ್ಣ ಪೈಪು, ವಾಲ್ವಿನಲ್ಲಿ ದೋಷವಿದೆ. ಮ್ಯಾಪ್ ಸರಿಯಾಗಿಯೇ ಏರಿ ರೈಲ್ ಒತ್ತಡ ಮಾತ್ರ ಕುಸಿದರೆ ದೋಷ ಇಂಧನದ್ದು.

ಹೊಗೆಯೂ ಸಾಕ್ಷಿ ಹೇಳುತ್ತದೆ. ಬಲ ಹೋಗುವಾಗ ಹಿಂದೆ ಕಪ್ಪು ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ: ಸೋರಿಕೆ ಅಥವಾ ಸ್ವಲ್ಪ ಹೊಗೆಯನ್ನು ಎಂಜಿನ್‌ಗೇ ಮರಳಿಸುವ ಇಜಿಆರ್ ವಾಲ್ವ್ ತೆರೆದೇ ಉಳಿದಿರುವುದು. ಹೊಗೆಯೇ ಇಲ್ಲದೆ ಬಲ ಹೋದರೆ ಇಂಧನದ ಕೊರತೆ ಅಥವಾ ಇಸಿಯು ತಾನಾಗಿ ಮಾಡಿದ ಕಡಿತ.

## ಬಾನೆಟ್ ಕೆಳಗೆ: ದೊಡ್ಡ ಪೈಪುಗಳು

ಟರ್ಬೊದಿಂದ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್ ಮ್ಯಾನಿಫೋಲ್ಡ್‌ವರೆಗಿನ ದಾರಿ ಒತ್ತಡದ್ದು. 50 ಮಿಲಿಮೀಟರ್ ವ್ಯಾಸದ ಜೋಡಣೆಯನ್ನು 1 ಬಾರ್ ಬೂಸ್ಟ್ ಸುಮಾರು 20 ಕೆಜಿ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಸಡಿಲ ಕ್ಲಾಂಪ್ ನಿಂತ ಕಾರಿನಲ್ಲಿ ಭದ್ರವಾಗಿಯೇ ಕಾಣುತ್ತದೆ, ಆ 20 ಕೆಜಿ ಬಿದ್ದಾಗ ಸರಿಯುತ್ತದೆ.

ಎಂಜಿನ್ ತಣ್ಣಗಿರುವಾಗ ಪ್ರತಿ ಪೈಪಿನ ಕೆಳಬದಿಯಲ್ಲಿ, ವಿಶೇಷವಾಗಿ ಬಾಗಿದ ಜಾಗದಲ್ಲಿ ಬೆರಳಾಡಿಸಿ. ಟರ್ಬೊ ಪೈಪಿನೊಳಗೆ ತೆಳುವಾದ ಆಯಿಲ್ ತೇವ ಇರುವುದು ಸಹಜ, ಎಂಜಿನ್ನಿನ ಉಸಿರುಗೊಳವೆಯಿಂದ ಅದು ಬರುತ್ತದೆ. ಸೀಳಿದ್ದರೆ ಆ ತೇವ ಗಾಳಿಯೊಂದಿಗೆ ಹೊರಬಂದು ಧೂಳನ್ನು ಹಿಡಿದುಕೊಳ್ಳುತ್ತದೆ. ಸುತ್ತಲೂ ಒಣ ಧೂಳಿದ್ದು ಒಂದೇ ಕಡೆ ಜಿಡ್ಡಿನ ಕಪ್ಪು ಗೆರೆ ಬೆರಳಿಗೆ ಅಂಟಿದರೆ ಅಲ್ಲಿ ಪೈಪನ್ನು ಬಗ್ಗಿಸಿ ನೋಡಿ. ನೇರವಾಗಿದ್ದಾಗ ಕಾಣದ ಸೀಳು ಬಗ್ಗಿಸಿದಾಗ ತುಟಿಯಂತೆ ತೆರೆದುಕೊಳ್ಳುತ್ತದೆ.

ಖಚಿತವಾಗಬೇಕಿದ್ದರೆ ಪಂಕ್ಚರ್ ಅಂಗಡಿಯ ವಿಧಾನ: ಟರ್ಬೊ ಬಾಯಿಗೆ ಬಿಗಿಯಾದ ಮುಚ್ಚಳ ಹಾಕಿ, ಅದರ ಮೂಲಕ ಅರ್ಧ ಬಾರ್‌ನಷ್ಟು ಗಾಳಿ ತುಂಬಿ, ಜೋಡಣೆಗಳ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ನೋಡುವುದು. ಟೈರಿಗೆ ಹಿಡಿಯುವ ಒತ್ತಡ ಇಲ್ಲಿ ಕೊಡಬಾರದು; ಸೀಲ್ ಕಿತ್ತುಹೋಗುತ್ತದೆ, ಮುಚ್ಚಳ ಮುಖಕ್ಕೆ ಹಾರುತ್ತದೆ. ಇಂಟರ್‌ಕೂಲರಿನ ಪ್ಲಾಸ್ಟಿಕ್ ತುದಿ ಮತ್ತು ಅಲ್ಯೂಮಿನಿಯಂ ಸೇರುವ ಅಂಚನ್ನು ಮರೆಯಬೇಡಿ. ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪಿನದು ಉಲ್ಟಾ ಸಮಸ್ಯೆ: ಅದು ಮೆತ್ತಗಾಗಿದ್ದರೆ ಜೋರಾಗಿ ಎಳೆದಾಗ ಒಳಕ್ಕೆ ಕುಗ್ಗಿ ಗಾಳಿಗೇ ಅಡ್ಡವಾಗುತ್ತದೆ.

## ಬಾನೆಟ್ ಕೆಳಗೆ: ಸಣ್ಣ ಪೈಪುಗಳು

ಬೆರಳಿಗಿಂತ ತೆಳುವಾದ, ಒಳವ್ಯಾಸ 3–4 ಮಿಲಿಮೀಟರಿನ ಈ ಪೈಪುಗಳೇ ಹೆಚ್ಚಿನ ಕಿರುಕುಳದ ಮೂಲ. ಇಲ್ಲಿ ಗಮನವಿಟ್ಟು ಓದಬೇಕಾದ ಒಂದು ಮಾತಿದೆ: ಒಂದೇ ರೀತಿಯ ಪೈಪು ಸೀಳಿದರೆ ಎರಡು ಬಗೆಯ ಕಾರುಗಳಲ್ಲಿ ವಿರುದ್ಧ ಪರಿಣಾಮ.

ವಿಜಿಟಿಯಲ್ಲಿ ರೆಕ್ಕೆಗಳನ್ನು ಸಾಮಾನ್ಯವಾಗಿ ವ್ಯಾಕ್ಯೂಮ್, ಅಂದರೆ ಹೀರುವಿಕೆ ಎಳೆಯುತ್ತದೆ. ಎಂಜಿನ್ನೇ ತಿರುಗಿಸುವ ಒಂದು ಪಂಪ್ ಹೀರುತ್ತದೆ, ನಡುವಿನ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಇಸಿಯು ಹೇಳಿದಷ್ಟು ಹೀರುವಿಕೆಯನ್ನು ರೆಕ್ಕೆಗಳನ್ನು ಕದಲಿಸುವ ಆಕ್ಚುಯೇಟರ್ ಡಬ್ಬಿಗೆ ಬಿಡುತ್ತದೆ. ಪೈಪು ಸೀಳಿದರೆ ಬಿರುಕುಬಿಟ್ಟ ಸ್ಟ್ರಾದಲ್ಲಿ ಎಳನೀರು ಕುಡಿದಂತೆ: ಎಷ್ಟು ಹೀರಿದರೂ ಬರೀ ಗಾಳಿ. ರೆಕ್ಕೆಗಳು ಅಗಲವಾಗಿಯೇ ಉಳಿದು ಬೂಸ್ಟ್ ಕಡಿಮೆಯಾಗುತ್ತದೆ. ಒತ್ತಡದಿಂದ ತೆರೆಯುವ ವೇಸ್ಟ್‌ಗೇಟ್‌ನಲ್ಲಿ ಹಾಗಲ್ಲ. ಅಲ್ಲಿ ಆ ಪೈಪು ‘ಸಾಕು, ಬಾಗಿಲು ತೆರೆ’ ಎಂಬ ಸಂದೇಶ ಒಯ್ಯುವುದು. ಅದು ಸೀಳಿದರೆ ಬಾಗಿಲು ತೆರೆಯುವುದೇ ಇಲ್ಲ, ಬೂಸ್ಟ್ ಮಿತಿಮೀರುತ್ತದೆ, ಇಸಿಯು ಕಡಿತ ಮಾಡುತ್ತದೆ. ನಿಮ್ಮ ಕಾರಿನಲ್ಲಿರುವುದು ಯಾವ ಬಗೆ ಎಂದು ತಿಳಿಯದೆ ಕೋಡ್ ಓದಿದರೆ ದಾರಿ ತಪ್ಪುವುದು ಇಲ್ಲಿಯೇ.

ವ್ಯಾಕ್ಯೂಮ್ ಬಗೆಯದನ್ನು ಪರೀಕ್ಷಿಸಲು ಗೇಜ್ ಇರುವ ಕೈಪಂಪ್ ಬೇಕು. ಮೊದಲು ಪಂಪಿನಿಂದ ಬರುವ ಪೈಪಿಗೆ ಗೇಜ್ ಕೂಡಿಸಿ ಎಂಜಿನ್ ಐಡಲ್‌ನಲ್ಲಿ ಬಿಡಿ. ಬೆಂಗಳೂರಿನ ಎತ್ತರದಲ್ಲೂ 600 ಮಿಲಿಮೀಟರ್ ಪಾದರಸದ ಆಸುಪಾಸು ಬರಬೇಕು. ಬಾರದಿದ್ದರೆ, ಜತೆಗೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಿದ್ದರೆ, ಮೂಲವೇ ದುರ್ಬಲ. ಬ್ರೇಕ್ ಬೂಸ್ಟರಿಗೂ ಹೀರುವಿಕೆ ಅದೇ ಪಂಪಿನದು, ಹಾಗಾಗಿ ಅದನ್ನು ಮುಂದೂಡಬೇಡಿ.

ನಂತರ ಎಂಜಿನ್ ಆಫ್ ಮಾಡಿ, ಕೈಪಂಪನ್ನು ನೇರ ಆಕ್ಚುಯೇಟರಿಗೆ ಕೂಡಿಸಿ ನಿಧಾನ ಹೀರಿ. ಡಬ್ಬಿಯಿಂದ ಹೊರಟ ಸಣ್ಣ ರಾಡ್ ಒಂದೇ ಹದದಲ್ಲಿ, ತಡೆಯದೆ, ಸೆಂಟಿಮೀಟರಿನ ಆಸುಪಾಸು ಚಲಿಸಬೇಕು. ಹಿಡಿದ ಮುಳ್ಳು ಒಂದು ನಿಮಿಷ ಕದಲಬಾರದು. ಮುಳ್ಳು ಇಳಿದರೆ ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿದೆ. ಮುಳ್ಳು ನಿಂತು ರಾಡ್ ಮಾತ್ರ ತಡೆತಡೆದು ಹಾರಿದರೆ ರೆಕ್ಕೆಗಳಿಗೆ ಮಸಿ ಕಟ್ಟಿದೆ. ವರ್ಷಗಟ್ಟಲೆ ಪೇಟೆಯಲ್ಲೇ, ಕಡಿಮೆ ಆರ್‌ಪಿಎಂನಲ್ಲೇ ಓಡಿದ ಕಾರಿಗೆ ಬರುವ ಕಾಯಿಲೆ ಇದು. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ರೆಕ್ಕೆಗಳು ಕಿರಿದಾದ ಸ್ಥಾನದಲ್ಲೇ ಸಿಕ್ಕಿ ಪಿ0234 ಬರುತ್ತದೆ. ಇದಕ್ಕೆ ಟರ್ಬೊ ಬಿಚ್ಚಿ ರೆಕ್ಕೆಗಳ ಭಾಗವನ್ನು ಶುಚಿ ಮಾಡಿಸಬೇಕು. ರಾಡಿನ ಸ್ಕ್ರೂ ತಿರುಗಿಸಿ ‘ಅಡ್ಜಸ್ಟ್’ ಮಾಡಲು ಬಿಡಬೇಡಿ, ಅದು ಕಾರ್ಖಾನೆಯಲ್ಲಿ ಅಳತೆ ಮಾಡಿ ಕೂರಿಸಿದ್ದು.

ಸೊಲೆನಾಯ್ಡ್ ವಾಲ್ವಿನ ಕಾಯಿಲ್ ಪ್ರತಿರೋಧ ಸಾಮಾನ್ಯವಾಗಿ 10ರಿಂದ 20 ಓಮ್. ತಣ್ಣಗಿದ್ದಾಗ ಅಳೆದು, ಬಿಸಿ ಓಟದ ನಂತರ ತಕ್ಷಣ ಮತ್ತೆ ಅಳೆಯಿರಿ. ಸ್ವಲ್ಪ ಏರುವುದು ಸಹಜ, ಮೀಟರ್ ‘ಅನಂತ’ ತೋರಿಸಿದರೆ ಕಾಯಿಲ್ ಬಿಸಿಯಲ್ಲಿ ಬಿಟ್ಟುಕೊಳ್ಳುತ್ತಿದೆ. ಕೆಲವು ವಾಲ್ವುಗಳಲ್ಲಿ ಹೊರಗಾಳಿಗೆ ತೆರೆದ ಬಾಯಿಗೆ ಗುಂಡಿಯಷ್ಟು ಸಣ್ಣ ಫಿಲ್ಟರ್ ಇರುತ್ತದೆ. ಅದು ಕಟ್ಟಿದರೆ ಹೀರಿದ ವ್ಯಾಕ್ಯೂಮ್ ಬಿಡುಗಡೆಯಾಗದೆ ಬೂಸ್ಟ್ ಇಳಿಯುವುದಿಲ್ಲ.

ಮ್ಯಾಪ್ ಸೆನ್ಸರನ್ನು ಬಿಚ್ಚಿದರೆ ಮೂತಿಯ ಮೇಲೆ ಆಯಿಲ್ ಬೆರೆತ ಮಸಿ ಸಿಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಲು ಬಿಡಿ, ರಂಧ್ರಕ್ಕೆ ಪಿನ್ ಹಾಕಬೇಡಿ. ಎಂಜಿನ್ ಐಡಲ್‌ನಲ್ಲಿದ್ದಾಗ ಸೆನ್ಸರ್, ವಾಲ್ವುಗಳ ಕನೆಕ್ಟರ್ ಹತ್ತಿರದ ವೈರುಗಳನ್ನು ಒಂದೊಂದಾಗಿ ಅಲುಗಿಸಿ. ಆ್ಯಪ್‌ನಲ್ಲಿ ಅಂಕಿ ಹಾರಿದ ಜಾಗದಲ್ಲೇ ಸಡಿಲ ಪಿನ್ ಇದೆ. ರೇಡಿಯೇಟರ್ ಫ್ಯಾನ್, ಬೆಲ್ಟ್ ಹತ್ತಿರ ಕೈ ಒಯ್ಯಬೇಡಿ. ಡೀಸೆಲ್ ರೈಲ್ ಪೈಪಿನ ನಟ್ ಅಂತೂ ಮುಟ್ಟಲೇಬಾರದು, ಅಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡವಿರುತ್ತದೆ, ಸೂಜಿಯಷ್ಟು ತೆಳುವಾದ ಧಾರೆ ಚರ್ಮ ಸೀಳಿ ಒಳಹೋಗುತ್ತದೆ.

## ಕೊನೆಗೆ ಟರ್ಬೊ

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಟರ್ಬೊ ಬಾಯಿಯ ಪೈಪು ಬಿಚ್ಚಿ, ತಣ್ಣಗಿನ ಎಂಜಿನ್ನಿನಲ್ಲಿ ಚಕ್ರದ ತುದಿ ಹಿಡಿದು ನೋಡಿ. ಪಕ್ಕಕ್ಕೆ ಕೊಂಚ ಅಲುಗುವುದು ಸಹಜ, ಬೇರಿಂಗಿನಲ್ಲಿ ಆಯಿಲ್ ತುಂಬಬೇಕಾದ ಜಾಗ ಅದು. ಅದನ್ನೇ ತೋರಿಸಿ ‘ಟರ್ಬೊ ಹೋಗಿದೆ’ ಎಂದವರನ್ನು ನಂಬಬೇಡಿ. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಸಿಗುವಷ್ಟಿದ್ದರೆ, ಚಕ್ರದ ಅಂಚು ಗೋಡೆಗೆ ಉಜ್ಜಿದ ಹೊಳಪು ಗೆರೆ ಕಂಡರೆ, ಅಥವಾ ನೀಲಿ ಹೊಗೆಯ ಜತೆ ಆಯಿಲ್ ಮಟ್ಟ ಇಳಿಯುತ್ತಿದ್ದರೆ ಆಗ ಅದು ನಿಜಕ್ಕೂ ಟರ್ಬೊದ ದೋಷ. ಹಾಗಾದರೂ ಹೊಸದು ಕೂರಿಸುವ ಮೊದಲು ಅದಕ್ಕೆ ಆಯಿಲ್ ತರುವ ತೆಳು ಪೈಪು ಕಟ್ಟಿಲ್ಲವೆಂದು ನೋಡಿಸಿ. ಅದು ಕಟ್ಟಿದ್ದರೆ ಹೊಸ ಟರ್ಬೊಗೂ ಅದೇ ಗತಿ.

## ಸರಿಹೋಯಿತೆಂದು ತಿಳಿಯುವುದು

ಸಣ್ಣ ಪೈಪು ಬದಲಿಸುವಾಗ ವ್ಯಾಕ್ಯೂಮ್‌ಗೆಂದೇ ಮಾಡಿದ, ದಪ್ಪ ಗೋಡೆಯ ಪೈಪು ಹಾಕಿ. ತೆಳು ಸಿಲಿಕಾನ್ ಪೈಪು ಹೀರಿದಾಗ ಚಪ್ಪಟೆಯಾಗಿ ಹೊಸ ದೋಷ ಕೊಡುತ್ತದೆ. ಒಂದೇ ಸಲಕ್ಕೆ ಒಂದೇ ಭಾಗ ಬದಲಿಸಿ. ಕೋಡ್ ಅಳಿಸಿ, ಅದೇ ಏರಿನಲ್ಲಿ, ಅದೇ ಮೂರನೇ ಗೇರಿನಲ್ಲಿ, ಅಷ್ಟೇ ಬಿಸಿಯಾದ ಎಂಜಿನ್ನಿನೊಂದಿಗೆ ಮತ್ತೆ ದಾಖಲಿಸಿ. ಹಳೆಯ ಗೆರೆಯ ಪಕ್ಕ ಹೊಸ ಗೆರೆ ಇಟ್ಟು ನೋಡಿ. 2000 ಆರ್‌ಪಿಎಂ ದಾಟಿದ ಮೇಲೆ ಮ್ಯಾಪ್ ಅಂಕಿ ಏರಿ ನಿಂತಲ್ಲೇ ನಿಂತಿದ್ದರೆ, ನಾಲ್ಕೈದು ಬಾರಿ ಎಳೆದರೂ ಪೆಂಡಿಂಗ್ ಕೋಡ್ ಬರದಿದ್ದರೆ, ಘಾಟಿ ಹತ್ತಬಹುದು.